ಸೀಮ್ ಬೌಲಿಂಗ್ ಎದುರು ನಿಲ್ಲುವುದು ಹೇಗೆ? ಮ್ಯಾಟ್ ಮೇಲೆ ಆಡಿ ಬೆಳೆದವರಿಗೆ

ಭಾರತ ಎಲ್ಲಾದರೂ ಐವತ್ತರೊಳಗೆ ಆಲೌಟ್ ಆದರೆ ಸಾಕು, ಮರುದಿನ ಬೆಳಗ್ಗೆ ನೆಟ್ಸ್ ಪಕ್ಕದ ಕಟ್ಟೆಯ ಮೇಲೆ ಅದೇ ಪ್ರಶ್ನೆ. "ಸರ್, ಇಷ್ಟು ದೊಡ್ಡ ಬ್ಯಾಟ್ಸ್‌ಮನ್‌ಗಳು, ಅದ್ಹೇಗೆ ಒಬ್ಬರ ಹಿಂದೆ ಒಬ್ಬರು ಹೋಗ್ತಾರೆ?" ಕೇಳುವವರು ಸಾಮಾನ್ಯವಾಗಿ ಅಪ್ಪಂದಿರು. ಅವರ ಹೊಟ್ಟೆಯೊಳಗೆ ಇನ್ನೊಂದು ಪ್ರಶ್ನೆ ಇರುತ್ತದೆ. "ನಮ್ಮ ಹುಡುಗ ಹಾಸನದಲ್ಲಿ ಮ್ಯಾಟ್ ಮೇಲೆ ಎಪ್ಪತ್ತು ಹೊಡೀತಾನೆ. ಮೈಸೂರಲ್ಲೋ ಬೆಂಗಳೂರಲ್ಲೋ ಟರ್ಫ್ ಮೇಲೆ ಆಡೋಕೆ ಹೋದ್ರೆ ನಾಲ್ಕು ರನ್ನಿಗೆ ಸ್ಲಿಪ್‌ಗೆ ಕ್ಯಾಚ್ ಕೊಟ್ಟು ಬರ್ತಾನೆ. ಯಾಕೆ?"

ಎರಡಕ್ಕೂ ಉತ್ತರ ಹೆಚ್ಚುಕಡಿಮೆ ಒಂದೇ. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ಹೊಸಬರಿಗೆ: ಮ್ಯಾಟ್ ಅಂದರೆ ನೆಲದ ಮೇಲೆ ಚಾಪೆ ಹಾಸಿ ಮಾಡಿದ ಪಿಚ್, ಟರ್ಫ್ ಅಂದರೆ ಮಣ್ಣು-ಹುಲ್ಲಿನ ಪಿಚ್, ಸ್ಲಿಪ್ ಅಂದರೆ ಕೀಪರ್ ಪಕ್ಕದಲ್ಲಿ ಕ್ಯಾಚಿಗೆ ನಿಲ್ಲುವ ಫೀಲ್ಡರ್.

ನಮ್ಮ ಹಾಸನ ಜಿಲ್ಲೆಗೆ ಸೀಮ್ ಬೌಲಿಂಗ್ ಹೊಸದೇನಲ್ಲ. ಟೆಸ್ಟ್‌ನಲ್ಲಿ 236 ವಿಕೆಟ್ ತೆಗೆದ ಶ್ರೀನಾಥ್ ಹೆಸರಿನ ಮುಂದಿರುವ ಜಾವಗಲ್ ನಮ್ಮ ಅರಸೀಕೆರೆ ತಾಲೂಕಿನ ಊರು. 1996ರಲ್ಲಿ ಎರಡು ಟೆಸ್ಟ್ ಆಡಿದ ವೇಗಿ ಡೇವಿಡ್ ಜಾನ್ಸನ್ ಹುಟ್ಟಿದ್ದೂ ಅರಸೀಕೆರೆಯಲ್ಲೇ. ಬೌಲರ್‌ಗಳ ಸೀಮೆ ಇದು. ಬ್ಯಾಟ್ ಹಿಡಿದವರಿಗೆ ಕಲಿಸುವುದೇ ಬಾಕಿ.

ಮೊದಲು ನಾಲ್ಕು ಪದ

ಸೀಮ್ ಅಂದರೆ ಚೆಂಡಿನ ನಡುವಿನ ಹೊಲಿಗೆ. ಆರು ಸಾಲು ದಾರ, ಚರ್ಮದ ಮೇಲೆ ಸ್ವಲ್ಪ ಉಬ್ಬಿಕೊಂಡಿರುತ್ತದೆ. ಸೀಮ್ ಬೌಲರ್ ಈ ಹೊಲಿಗೆಯೇ ನೆಲಕ್ಕೆ ತಾಗುವ ಹಾಗೆ ಹಾಕುತ್ತಾನೆ. ತಾಗಿದ ಚೆಂಡು ಒಳಕ್ಕೋ ಹೊರಕ್ಕೋ ಸರಿಯುತ್ತದೆ.

ಸ್ವಿಂಗ್ ಬೇರೆ. ಅದು ಗಾಳಿಯಲ್ಲೇ ಬಾಗುವುದು. ಟಿವಿಯಲ್ಲಿ ಎರಡನ್ನೂ ಕಲಸಿ ಮಾತಾಡುತ್ತಾರೆ, ನೀವು ಕಲಸಬೇಡಿ. ಸ್ವಿಂಗ್ ಕಣ್ಣಿಗೆ ಕಾಣುತ್ತದೆ. ಸೀಮ್ ಆಗುವುದು ಕಾಣುವಷ್ಟರಲ್ಲಿ ಚೆಂಡು ಕೀಪರ್ ಕೈಯಲ್ಲಿರುತ್ತದೆ.

ಗುಡ್ ಲೆಂತ್ ಅಂದರೆ ಮುಂದೆ ಹೋಗಲೋ ಹಿಂದೆ ನಿಲ್ಲಲೋ ಎಂದು ನಿಮ್ಮನ್ನು ಗೊಂದಲಕ್ಕೆ ಹಾಕುವ ಜಾಗ. ವೇಗದ ಬೌಲರ್‌ಗಾದರೆ ನಿಮ್ಮ ಸ್ಟಂಪ್‌ನಿಂದ ಸುಮಾರು 6-7 ಮೀಟರ್.

ವಾಬಲ್ ಸೀಮ್ ಎಂದರೆ ಹೊಲಿಗೆ ನೆಟ್ಟಗಿರದೆ ಆಚೀಚೆ ತೂಗಾಡುತ್ತಾ ಬರುವುದು. ಹೊಲಿಗೆಯ ಯಾವ ಬದಿ ತಾಗುತ್ತದೆ ಎಂದು ಬೌಲರ್‌ಗೇ ಗೊತ್ತಿರುವುದಿಲ್ಲ. ಅವನಿಗೇ ಗೊತ್ತಿಲ್ಲದ್ದನ್ನು ನೀವು ಅವನ ಕೈ ನೋಡಿ ಹೇಗೆ ಹೇಳುತ್ತೀರಿ?

ಏನೇನು ಬೇಕು

ದೊಡ್ಡ ಖರ್ಚಿಲ್ಲ. ಒಂದು ಬ್ಯಾಟು, ಹೆಲ್ಮೆಟ್, ಪ್ಯಾಡು, ಗ್ಲೌಸ್. ನಾಲ್ಕೈದು ಟೆನ್ನಿಸ್ ಬಾಲ್. ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ ಕಪ್ಪು ಇನ್ಸುಲೇಷನ್ ಟೇಪ್ ಒಂದು ರೋಲ್. ಸೀಮೆಸುಣ್ಣ. ಎಸೆಯೋಕೆ ಒಬ್ಬ ತಾಳ್ಮೆಯ ಮನುಷ್ಯ. ಕೊನೆಯದು ಸಿಗುವುದೇ ಕಷ್ಟ.

ಲೆದರ್ ಬಾಲ್ ಕೊಳ್ಳುವುದಾದರೆ ಫೋರ್-ಪೀಸ್ ಕೇಳಿ. ಅಂದರೆ ನಾಲ್ಕು ತುಂಡು ಚರ್ಮ ಸೇರಿಸಿ ಹೊಲಿದದ್ದು. ಟೆಸ್ಟ್‌ನಲ್ಲಿ ಆಡುವುದು ಅದರಲ್ಲೇ. ಅಗ್ಗದ ಟೂ-ಪೀಸ್ ಬಾಲ್ ಹೊಡೆಯೋಕೆ ಪರವಾಗಿಲ್ಲ, ಈ ಅಭ್ಯಾಸಕ್ಕೆ ಅಷ್ಟು ಒದಗುವುದಿಲ್ಲ.

ಜಾಗ ಇಲ್ಲ ಅನ್ನುವವರಿಗೆ ಒಂದು ಮಾತು. ಸಕಲೇಶಪುರ, ಆಲೂರು, ಬೇಲೂರು ಕಡೆಯವರ ಮನೆ ಮುಂದೆ ಕಾಫಿ ಕಣ ಇದ್ದೇ ಇರುತ್ತದೆ. ಕೊಯ್ಲು ಮುಗಿದು ಕಾಫಿ ಮೂಟೆ ಸೇರಿದ ಮೇಲೆ ಆ ಸಿಮೆಂಟ್ ನೆಲ ಸುಮ್ನೆ ಬಿದ್ದಿರುತ್ತದೆ. ಇದಕ್ಕಿಂತ ಒಳ್ಳೆಯ ಜಾಗ ನಾನಂತೂ ನೋಡಿಲ್ಲ.

ಹಂತ 1: ಲೆಕ್ಕ ಅರ್ಥ ಮಾಡಿಕೊಳ್ಳಿ

ಇದನ್ನು ಹಾರಿಸಿ ನೇರವಾಗಿ ಅಭ್ಯಾಸಕ್ಕೆ ಹೋಗಬೇಡಿ. ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಗಂಟೆಗೆ 130 ಕಿಲೋಮೀಟರ್ ವೇಗದ ಚೆಂಡು ಬೌಲರ್ ಕೈಬಿಟ್ಟು ನಿಮ್ಮ ಬ್ಯಾಟ್ ಮುಟ್ಟಲು ಬೇಕಾಗುವುದು ಅರ್ಧ ಸೆಕೆಂಡಿನ ಆಸುಪಾಸು. ಅದು ನೆಲಕ್ಕೆ ತಾಗಿದ ಮೇಲೆ ಉಳಿಯುವ ದೂರ ಸುಮಾರು 5 ಮೀಟರ್, ಸಮಯ ಸೆಕೆಂಡಿನ ಆರರಲ್ಲಿ ಒಂದು ಪಾಲು. ಮನುಷ್ಯನ ಕಣ್ಣು ಏನಾದರೂ ಹೊಸದನ್ನು ಕಂಡು ಕೈ ಅಲ್ಲಾಡಿಸಲು ಸೆಕೆಂಡಿನ ಐದರಲ್ಲಿ ಒಂದು ಪಾಲು ಬೇಕು. ಅಂದರೆ ಚೆಂಡು ಸೀಮ್ ಆದದ್ದನ್ನು ನೋಡಿ ಬ್ಯಾಟ್ ಸರಿಸಲು ಯಾರಿಗೂ ಆಗುವುದಿಲ್ಲ. ನಿಮ್ಮ ಮಗನಿಗೂ ಆಗಲ್ಲ, ಕೊಹ್ಲಿಗೂ ಆಗಲ್ಲ.

ಈಗ ಬ್ಯಾಟಿನ ಲೆಕ್ಕ. ನಿಯಮದ ಪ್ರಕಾರ ಬ್ಯಾಟ್ ಅಗಲ ಹೆಚ್ಚೆಂದರೆ 10.8 ಸೆಂಟಿಮೀಟರ್. ಮಧ್ಯದಿಂದ ಅಂಚಿಗೆ 5.4. ಚೆಂಡಿನ ಅಡ್ಡಳತೆ 7 ಸೆಂಟಿಮೀಟರಿಗೆ ಸ್ವಲ್ಪ ಜಾಸ್ತಿ. ನೀವು ಬ್ಯಾಟಿನ ಮಧ್ಯಕ್ಕೆ ಎಂದು ಆಡಿದ ಚೆಂಡು 2-3 ಸೆಂಟಿಮೀಟರ್ ಸರಿದರೆ ಏನೂ ಆಗುವುದಿಲ್ಲ, ಬ್ಯಾಟಿಗೇ ಬರುತ್ತದೆ. 9 ಸೆಂಟಿಮೀಟರ್ ದಾಟಿ ಸರಿದರೆ ಬ್ಯಾಟಿಗೆ ತಾಗದೆ ಹೋಗುತ್ತದೆ, ಬೌಲರ್ ಸೊಂಟಕ್ಕೆ ಕೈಯಿಟ್ಟು ನಿಮ್ಮನ್ನು ದುರುಗುಟ್ಟಿ ನೋಡುತ್ತಾನೆ ಅಷ್ಟೇ. ಔಟ್ ಆಗುವುದು ಅಂಚಿನ 5.4ರಿಂದ ಈ 9ರವರೆಗಿನ ಮೂರ್ನಾಲ್ಕು ಸೆಂಟಿಮೀಟರಿನಲ್ಲಿ. ಎರಡು ಬೆರಳಿನ ಅಗಲ.

ಇನ್ನೊಂದು ಲೆಕ್ಕ. ಚೆಂಡು ನೆಲದಿಂದ ಏಳುವಾಗ ಬರೀ ಒಂದು ಡಿಗ್ರಿ ತಿರುಗಿದರೆ, 5 ಮೀಟರ್ ಬರುವಷ್ಟರಲ್ಲಿ ಸುಮಾರು 9 ಸೆಂಟಿಮೀಟರ್ ಸರಿದಿರುತ್ತದೆ. ಒಂದೇ ಡಿಗ್ರಿ! ಕಾಲು ಚಾಚಿ ಮುಂದೆ ಹೋಗಿ ಅದನ್ನೇ 3 ಮೀಟರಿನಲ್ಲಿ ತಡೆದರೆ 5 ಸೆಂಟಿಮೀಟರ್ ಮಾತ್ರ. ಮುಂದೆ ಹೋಗು ಎಂದು ಹಳಬರು ಹೇಳುತ್ತಿದ್ದದ್ದು ಸುಮ್ನೆ ಅಲ್ಲ.

ಹಾಗಾದರೆ ಕುಸಿತ ಅಂದರೇನು? ಬಹಳ ಸಲ ಹನ್ನೊಂದು ಜನ ಒಟ್ಟಿಗೆ ಆಟ ಮರೆಯುವುದಲ್ಲ. ಚೆಂಡು ಸರಿಯಾಗಿ ಆ ಎರಡು ಬೆರಳಿನ ಅಗಲದಷ್ಟೇ ಸರಿಯುತ್ತಿರುವ ಒಂದು ಗಂಟೆ. 2020ರ ಡಿಸೆಂಬರ್ 19ರಂದು ಅಡಿಲೇಡ್‌ನಲ್ಲಿ ಆಸ್ಟ್ರೇಲಿಯಾ ಎದುರು ಭಾರತ 36 ರನ್ನಿಗೆ ಮುಗಿಯಿತು. ಹೇಜಲ್‌ವುಡ್ 8 ರನ್ನಿಗೆ 5 ವಿಕೆಟ್, ಕಮಿನ್ಸ್ 21ಕ್ಕೆ 4. ಯಾರೂ ಎರಡಂಕಿ ಮುಟ್ಟಲಿಲ್ಲ. ನಮ್ಮ ಮಯಂಕ್ ಅಗರ್ವಾಲ್ ಹೊಡೆದ 9 ರನ್ನೇ ಅತಿ ಹೆಚ್ಚು. ಬಿದ್ದ ಒಂಬತ್ತರಲ್ಲಿ ಐದು ಕೀಪರ್ ಪೇನ್‌ಗೆ ಹೋದ ಕ್ಯಾಚ್. ಮುಂದಿನ ಟೆಸ್ಟ್‌ನಲ್ಲಿ, ಮೆಲ್ಬರ್ನ್‌ನಲ್ಲಿ, ರಹಾನೆ 112 ಹೊಡೆದು ಭಾರತ 8 ವಿಕೆಟ್‌ಗಳಿಂದ ಗೆದ್ದಿತು. ಹತ್ತೇ ದಿನದಲ್ಲಿ ಯಾರಾದರೂ ಹೊಸದಾಗಿ ಬ್ಯಾಟಿಂಗ್ ಕಲಿತರೇ?

ಬೆಂಗಳೂರಿನದು ಇನ್ನೂ ಚೆನ್ನಾದ ಉದಾಹರಣೆ. 2024ರ ಅಕ್ಟೋಬರ್ 17, ಚಿನ್ನಸ್ವಾಮಿಯಲ್ಲಿ ನ್ಯೂಜಿಲೆಂಡ್ ಎದುರು 46. ತವರಿನಲ್ಲಿ ಭಾರತದ ಅತಿ ಕಡಿಮೆ ಮೊತ್ತ. ಹೆನ್ರಿ 15ಕ್ಕೆ 5, ಓರೂರ್ಕ್ 22ಕ್ಕೆ 4. ಐದು ಜನ ಸೊನ್ನೆಗೆ. ಪಿಚ್ ಒಣಗಿದ ಮೇಲೆ ಅದೇ ಹನ್ನೊಂದು ಜನ, ಅದೇ ಪಿಚ್ ಮೇಲೆ ಎರಡನೇ ಇನ್ನಿಂಗ್ಸ್‌ನಲ್ಲಿ 462 ಹೊಡೆದರು. ಸರ್ಫರಾಜ್ 150, ಪಂತ್ 99.

ಎಡವುವುದು ಇಲ್ಲಿ: "ಹಾಗಾದ್ರೆ ಎಲ್ಲಾ ಅದೃಷ್ಟ" ಎಂದು ಕೈಚೆಲ್ಲುವುದು. ಅಲ್ಲ. ಆ 46ರಲ್ಲಿ ರೋಹಿತ್ ಒಳಗೆ ಬಂದ ಚೆಂಡಿಗೆ ದೊಡ್ಡದಾಗಿ ಬೀಸಿ ಬೌಲ್ಡ್ ಆದರು. ಮೊದಲ ಇನ್ನಿಂಗ್ಸ್‌ನ ಸರ್ಫರಾಜ್ ಮಿಡ್-ಆಫ್ ಮೇಲಿಂದ ಎತ್ತಲು ಹೋಗಿ ಸೊನ್ನೆಗೆ ಹೋದರು. ಅವೆರಡೂ ಕೊಟ್ಟ ವಿಕೆಟ್. ತಪ್ಪಿಸಲಾಗದ ಚೆಂಡು ಹತ್ತರಲ್ಲಿ ಮೂರೋ ನಾಲ್ಕೋ ವಿಕೆಟ್ ತೆಗೆಯುತ್ತದೆ ಎಂಬುದು ನನ್ನ ಅಂದಾಜು. ಉಳಿದದ್ದು ನಿಮ್ಮ ಕೈಯಲ್ಲಿದೆ. ಮುಂದಿನ ಹಂತಗಳೆಲ್ಲ ಆ ಉಳಿದದ್ದರ ಬಗ್ಗೆ.

ಹಂತ 2: ಆಡುವ ಮೊದಲು ನೆಲ ನೋಡಿ

ನಮ್ಮ ಒಂದೇ ಜಿಲ್ಲೆಯಲ್ಲಿ ಎರಡು ದೇಶ ಇದೆ. ಅರಸೀಕೆರೆ ಕಡೆ ಗಟ್ಟಿ ಒಣ ನೆಲ, ಚೆಂಡು ತಾಗಿ ಸೀದಾ ಬರುತ್ತದೆ. ಸಕಲೇಶಪುರದ ಕಡೆ ಮಳೆ ನಿಂತು ತಿಂಗಳಾದರೂ ನೆಲದೊಳಗೆ ಪಸೆ. ಸೀಮ್‌ಗೆ ಬೇಕಾಗಿರುವುದು ಆ ಪಸೆಯೇ. ಮೆತ್ತಗಿನ ನೆಲದಲ್ಲಿ ಹೊಲಿಗೆ ಕಚ್ಚಿಕೊಳ್ಳುತ್ತದೆ, ಚೆಂಡು ದಿಕ್ಕು ಬದಲಿಸುತ್ತದೆ. ಹುಲ್ಲಿದ್ದರೆ ಇನ್ನೂ ಜಾಸ್ತಿ.

ಟರ್ಫ್ ಪಂದ್ಯಕ್ಕೆ ಹೋದಾಗ ಅರ್ಧ ಗಂಟೆ ಮೊದಲೇ ಹೋಗಿ ಪಿಚ್ ಪಕ್ಕ ಕೂತು ನೋಡಿ. ಪಿಚ್ ಮೇಲೆ ನಡೆಯಬೇಡಿ, ಗ್ರೌಂಡ್ಸ್‌ಮನ್ ಬೈಯುತ್ತಾರೆ. ಬಣ್ಣ ಕಡುವಾಗಿದೆಯಾ, ರೋಲರ್ ಹೋದ ಮೇಲೆ ಹೊಳಪಿದೆಯಾ, ಹುಲ್ಲು ಹಸಿರಿದೆಯಾ ಒಣಗಿದೆಯಾ. ಡಿಸೆಂಬರ್, ಜನವರಿಯಾದರೆ ಇಬ್ಬನಿ ಲೆಕ್ಕಕ್ಕೆ ತಗೊಳ್ಳಿ. ಒಂಬತ್ತು ಗಂಟೆಗೆ ಸರಿಯುವ ಚೆಂಡು ಹನ್ನೊಂದಕ್ಕೆ ಸೀದಾ ಬರಬಹುದು. ಹಾಗಿದ್ದಾಗ ಮೊದಲ ಒಂದೂವರೆ ಗಂಟೆ ಒಂದು ಪಂದ್ಯ, ಆಮೇಲಿನದು ಇನ್ನೊಂದು ಪಂದ್ಯ.

ಚೆಂಡಿನ ಬ್ರಾಂಡ್ ಕೂಡ ವಿಷಯವೇ. ಇಂಗ್ಲೆಂಡಿನಲ್ಲಿ ಡ್ಯೂಕ್ಸ್, ಭಾರತದಲ್ಲಿ ಎಸ್‌ಜಿ, ಆಸ್ಟ್ರೇಲಿಯಾದಲ್ಲಿ ಕೂಕಬುರಾ. ಮೊದಲೆರಡರ ಹೊಲಿಗೆ ಕೈಯದು, ಜಾಸ್ತಿ ಹೊತ್ತು ಉಬ್ಬಿಕೊಂಡಿರುತ್ತದೆ. ಕೂಕಬುರಾದ ಹೊರಸಾಲುಗಳು ಮೆಷಿನ್ ಹೊಲಿಗೆ, ಬೇಗ ತಟ್ಟೆಯಾಗುತ್ತದೆ. ಟೆಸ್ಟ್‌ನಲ್ಲಿ 80 ಓವರಿಗೆ ಹೊಸ ಚೆಂಡು ಬರುತ್ತದೆ, ಆಗ ಕಥೆ ಮತ್ತೆ ಮೊದಲಿಂದ.

ಎಡವುವುದು ಇಲ್ಲಿ: ಮೋಡ ನೋಡಿ ಹೆದರುವುದು, ನೆಲ ನೋಡದೆ ಇರುವುದು. ಅಥವಾ ತಿರುಗಾ ಮುರುಗಾ. ಬೆಂಗಳೂರಿನ ಆ ಟೆಸ್ಟ್‌ನ ಮೊದಲ ದಿನವಿಡೀ ಮಳೆಗೆ ಹೋಗಿತ್ತು, ಪಿಚ್ ಕವರ್ ಕೆಳಗಿತ್ತು. ಟಾಸ್ ಗೆದ್ದು ಬ್ಯಾಟಿಂಗ್ ತಗೊಂಡದ್ದು ಪಿಚ್ ಓದುವುದರಲ್ಲಿ ಆದ ತಪ್ಪು ಎಂದು ರೋಹಿತ್ ಅವರೇ ಆಮೇಲೆ ಒಪ್ಪಿಕೊಂಡರು.

ಹಂತ 3: ನಿಮ್ಮ ಆಫ್ ಸ್ಟಂಪ್ ಎಲ್ಲಿದೆ?

ಆಫ್ ಸ್ಟಂಪ್ ಅಂದರೆ ಮೂರು ಸ್ಟಂಪ್‌ಗಳಲ್ಲಿ ನಿಮ್ಮ ಕಾಲಿನಿಂದ ದೂರದ್ದು, ಬ್ಯಾಟಿನ ಕಡೆಯದು. ಹತ್ತು ಹುಡುಗರನ್ನು ಕ್ರೀಸಿನಲ್ಲಿ ನಿಲ್ಲಿಸಿ, "ತಿರುಗದೆ, ಬ್ಯಾಟ್ ತುದಿಯಲ್ಲಿ ಆಫ್ ಸ್ಟಂಪ್ ನೇರ ತೋರಿಸು" ಅನ್ನಿ. ಎಂಟು ಜನ ಅರ್ಧ ಅಡಿ ಹೊರಗೆ ತೋರಿಸುತ್ತಾರೆ. ಅಂದರೆ ಸ್ಟಂಪಿಗೆ ಬಾರದ ಚೆಂಡನ್ನೂ ಸ್ಟಂಪಿಗೆ ಬರುತ್ತಿದೆ ಎಂದುಕೊಂಡು ಆಡುತ್ತಾರೆ. ಸ್ಲಿಪ್ ಕ್ಯಾಚಿನ ಅರ್ಧ ಕಥೆ ಇಲ್ಲೇ.

ಪರಿಹಾರ ಸುಲಭ. ಆಫ್ ಸ್ಟಂಪಿನಿಂದ ಬೌಲರ್ ಕಡೆಗೆ ನಾಲ್ಕು ಮೀಟರ್ ಉದ್ದದ ಒಂದು ಸೀಮೆಸುಣ್ಣದ ಗೆರೆ ಎಳೆಯಿರಿ. ಗಾರ್ಡ್ ತಗೊಳ್ಳಿ. ಗಾರ್ಡ್ ಅಂದರೆ ಎಲ್ಲಿ ನಿಲ್ಲಬೇಕೆಂದು ಕ್ರೀಸಿನಲ್ಲಿ ಮಾಡಿಕೊಳ್ಳುವ ಗುರುತು. ಬೌಲರ್ ಕೈಬಿಡುವ ಹೊತ್ತಿಗೆ ನಿಮ್ಮ ಮೊದಲ ಸಣ್ಣ ಹೆಜ್ಜೆ ಮುಗಿದು, ಕಣ್ಣು ಆ ಗೆರೆಯ ಮೇಲೆ ಬಂದಿರಬೇಕು. ಆಗ ಕಣ್ಣಿನ ಹೊರಗಿರುವುದೆಲ್ಲ ಬಿಡುವ ಚೆಂಡು. ಲೆಕ್ಕ ಅಷ್ಟು ಸರಳ. ದಿನಾ ಐದು ನಿಮಿಷ, ಎರಡು ವಾರ. ಮೂರನೇ ವಾರ ಗೆರೆ ಅಳಿಸಿಬಿಡಿ.

ಎಡವುವುದು ಇಲ್ಲಿ: ತೀರಾ ಅಡ್ಡಕ್ಕೆ ನಡೆದುಬಿಡುವುದು. ಕಣ್ಣು ಆಫ್ ಸ್ಟಂಪ್ ದಾಟಿದರೆ ಒಳಗೆ ಬರುವ ಚೆಂಡು ಪ್ಯಾಡಿಗೆ ಹೊಡೆದು ಎಲ್‌ಬಿಡಬ್ಲ್ಯೂ.

ಹಂತ 4: ಬಿಡುವುದನ್ನು ಆಟ ಎಂದು ಎಣಿಸಿ

ಟೆನ್ನಿಸ್ ಬಾಲ್ ಕ್ರಿಕೆಟ್‌ನಲ್ಲಿ ಬೆಳೆದವರಿಗೆ ಇದು ಮೈಯೆಲ್ಲ ಉರಿಯುವ ಕೆಲಸ. ಆರು ಓವರಿನ ಪಂದ್ಯದಲ್ಲಿ ಒಂದು ಚೆಂಡು ಬಿಟ್ಟರೆ ಹೊರಗಿನಿಂದ ಕೂಗಾಟ. ಟೆಸ್ಟ್‌ನಲ್ಲಿ ಇದರ ತಿರುಗಾ ಮುರುಗಾ. 2018ರ ಜನವರಿಯಲ್ಲಿ ಜೊಹಾನ್ಸ್‌ಬರ್ಗ್‌ನ ಕೆಟ್ಟ ಪಿಚ್ ಮೇಲೆ ಪೂಜಾರ ಮೊದಲ ರನ್ ತೆಗೆದದ್ದು 54ನೇ ಚೆಂಡಿನಲ್ಲಿ. ಆಮೇಲೆ 50 ಹೊಡೆದರು, ಭಾರತ 63 ರನ್ನಿಂದ ಗೆದ್ದಿತು. 2002ರಲ್ಲಿ ಲೀಡ್ಸ್‌ನ ಹೆಡಿಂಗ್ಲೆಯಲ್ಲಿ ದ್ರಾವಿಡ್ 148 ಹೊಡೆದ ಇನ್ನಿಂಗ್ಸ್ ಸಿಕ್ಕಿದರೆ ನೋಡಿ. ಹೊಡೆದದ್ದನ್ನು ನೋಡಬೇಡಿ, ಬಿಟ್ಟದ್ದನ್ನು ನೋಡಿ.

ಅಭ್ಯಾಸ ಹೀಗೆ. ಮೂವತ್ತು ಚೆಂಡಿನ ಒಂದು ಸುತ್ತು. ಎಸೆಯುವವರು ಹತ್ತನ್ನು ಸ್ಟಂಪಿಗೆ, ಇಪ್ಪತ್ತನ್ನು ಹೊರಗೆ, ಹೇಗೆಂದರೆ ಹಾಗೆ ಬೆರೆಸಿ ಹಾಕಬೇಕು. ಸರಿಯಾಗಿ ಬಿಟ್ಟದ್ದಕ್ಕೆ ಒಂದು ಅಂಕ. ಸ್ಟಂಪಿಗೆ ಬಂದದ್ದನ್ನು ತಡೆದರೆ ಒಂದು ಅಂಕ. ಬಿಡಬೇಕಾದದ್ದನ್ನು ಮುಟ್ಟಿದರೆ, ಅದು ಬೌಂಡರಿಗೇ ಹೋಗಲಿ, ಮೂರು ಅಂಕ ಕಳೆಯಿರಿ. ಬೌಂಡರಿಗೆ ಅಂಕ ಕಳೆದಾಗ ಹುಡುಗರ ಮುಖ ನೋಡಬೇಕು ನೀವು! ಜಗಳ ಆಡುತ್ತಾರೆ. ಬಗ್ಗಬೇಡಿ.

ಬಿಡುವಾಗ ಬ್ಯಾಟ್ ಎಲ್ಲಿ? ಪ್ಯಾಡಿನ ಹಿಂದೆ, ಎತ್ತರದಲ್ಲಿ. ಚೆಂಡಿನ ದಾರಿಯಲ್ಲಿ ಅರ್ಧ ನೇತಾಡುತ್ತಾ ಇರಬಾರದು.

ಎಡವುವುದು ಎರಡು ಕಡೆ. ಒಂದು, ಮ್ಯಾಟ್ ಮೇಲೆ ಚೆಂಡು ಹೇಗೂ ಎದ್ದು ಸ್ಟಂಪ್ ಮೇಲಿಂದ ಹೋಗುತ್ತದೆ ಎಂದು ನಂಬಿ ಬಿಟ್ಟು ರೂಢಿಯಾಗಿರುತ್ತದೆ. ಟರ್ಫ್ ಮೇಲೆ ಅದೇ ಲೆಂತ್ ಸ್ಟಂಪಿಗೆ ಬಡಿಯುತ್ತದೆ. ಎರಡು, ಎಲ್‌ಬಿಡಬ್ಲ್ಯೂ ನಿಯಮ. ಆಡಲು ಹೋದಾಗ ಆಫ್ ಸ್ಟಂಪ್ ಹೊರಗೆ ಪ್ಯಾಡಿಗೆ ತಾಗಿದರೆ ಔಟ್ ಇಲ್ಲ. ಆಡದೇ ಬಿಟ್ಟು ತಾಗಿಸಿಕೊಂಡರೆ, ಚೆಂಡು ಸ್ಟಂಪಿಗೆ ಹೋಗುವಂತಿದ್ದರೆ, ಔಟ್. ಇದನ್ನು ಹೇಳಿಕೊಡದೆ ಬಿಡುವುದನ್ನು ಕಲಿಸಬೇಡಿ.

ಹಂತ 5: ಬೀಟ್ ಆಗುವುದನ್ನು ಕಲಿಯಿರಿ

ಬೀಟ್ ಆಗುವುದು ಅಂದರೆ ಚೆಂಡು ಬ್ಯಾಟಿಗೆ ತಾಗದೆ ದಾಟಿ ಹೋಗುವುದು. ಇದು ನನ್ನ ಮುಖ್ಯ ಮಾತು. ಕೇಳಿದವರೆಲ್ಲ ನಗುತ್ತಾರೆ, ಇರಲಿ.

"ಬಾಲನ್ನ ಕೊನೇವರೆಗೂ ನೋಡು, ಎಲ್ಲಿ ಹೋಗುತ್ತೋ ಅಲ್ಲಿಗೆ ಬ್ಯಾಟ್ ತಗೊಂಡ್ ಹೋಗು" ಎಂದು ನಾನೂ ವರ್ಷಗಟ್ಟಲೆ ಹೇಳಿಕೊಟ್ಟಿದ್ದೇನೆ. ತಪ್ಪು ನನ್ನದೇ. ಸ್ಪಿನ್‌ಗೆ ಅದು ಸರಿ. ಸೀಮ್‌ಗೆ ವಿಷ. ಹೊರಗೆ ಸರಿದ ಚೆಂಡಿನ ಹಿಂದೆ ಕೈ ಹೋದರೆ ಏನಾಗುತ್ತದೆ? ಬ್ಯಾಟಿಗೆ ತಾಗದೆ ಹೋಗಬೇಕಿದ್ದ ಚೆಂಡನ್ನು ನೀವೇ ಹೋಗಿ ಅಂಚಿಗೆ ತಾಗಿಸಿಕೊಂಡು ಸ್ಲಿಪ್‌ಗೆ ಕಳಿಸುತ್ತೀರಿ. ಹಂತ 1ರ ಎರಡು ಬೆರಳಿನ ಅಗಲ ನೆನಪಿದೆಯಲ್ಲ? ಅದನ್ನು ನಾಲ್ಕು ಬೆರಳು ಮಾಡುವವರು ನೀವೇ.

ಆದ್ದರಿಂದ ಚೆಂಡು ಸೀದಾ ಬರುತ್ತದೆ ಎಂದುಕೊಂಡೇ ಆಡಿ. ಆ ಸಾಲಿನಲ್ಲೇ ಬ್ಯಾಟ್ ಇಡಿ. ಸರಿದು ಹೋಯಿತೇ? ಹೋಗಲಿ. ಬೀಟ್ ಆದಿರಿ, ಔಟ್ ಆಗಲಿಲ್ಲ. ಹೊರಗಿನ ಅಂಚು ದಾಟಿ ಹೋದ ಚೆಂಡಿಗೆ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಒಳ್ಳೆಯ ಬ್ಯಾಟ್ಸ್‌ಮನ್ ಒಂದು ಬೆಳಗ್ಗೆ ಹತ್ತು ಸಲ ಬೀಟ್ ಆಗಿ ಮಧ್ಯಾಹ್ನ ಎಂಬತ್ತು ಹೊಡೆಯುತ್ತಾನೆ.

ಇದಕ್ಕೆ ಬೇಕಾದ ಚೆಂಡನ್ನು ಮನೆಯಲ್ಲೇ ಮಾಡಿ. ಟೆನ್ನಿಸ್ ಬಾಲ್ ತಗೊಂಡು, ಟೇಪನ್ನು ಉದ್ದಕ್ಕೆ ಸೀಳಿ ಒಂದು ಸೆಂಟಿಮೀಟರ್ ಅಗಲದ ಪಟ್ಟಿ ಮಾಡಿ. ಚೆಂಡಿನ ನಡುವಿಗೆ ಸೊಂಟದ ಉಡಿದಾರದ ಹಾಗೆ ಸುತ್ತಿ. ಒಂದರ ಮೇಲೆ ಒಂದು ಏಳೆಂಟು ಸುತ್ತು. ಬೆರಳಲ್ಲಿ ಸವರಿದರೆ ಏಣು ಸಿಗಬೇಕು. ಅದೇ ನಿಮ್ಮ ಸೀಮ್. ಕಣದ ಸಿಮೆಂಟಿಗೆ ಸ್ವಲ್ಪ ನೀರು ಚಿಮುಕಿಸಿ, ಹತ್ತು ಹನ್ನೆರಡು ಮೀಟರ್ ದೂರದಿಂದ ಜೋರಾಗಿ ಎಸೆಯಲು ಹೇಳಿ. ಏಣು ತಾಗಿದಾಗ ಚೆಂಡು ಸರಕ್ಕನೆ ಪಕ್ಕಕ್ಕೆ ಹೋಗುತ್ತದೆ, ತಾಗದಿದ್ದಾಗ ಸೀದಾ ಬರುತ್ತದೆ. ಎಸೆದವನಿಗೂ ಯಾವುದು ಯಾವಾಗ ಎಂದು ಗೊತ್ತಿರುವುದಿಲ್ಲ. ನಮಗೆ ಬೇಕಾದದ್ದೂ ಅದೇ.

ಈ ಸುತ್ತಿನ ಅಂಕ ವಿಚಿತ್ರ. ಬೀಟ್ ಆದರೆ ಸೊನ್ನೆ, ಏನೂ ಕಳೆಯುವುದಿಲ್ಲ. ಎಡ್ಜ್ ಆದರೆ, ಅಂದರೆ ಬ್ಯಾಟಿನ ಅಂಚಿಗೆ ತಾಗಿದರೆ, ಐದು ಕಳೆಯಿರಿ. ಮಧ್ಯಕ್ಕೆ ತಾಗಿದರೆ ಒಂದು. ಮೊದಲ ದಿನ ಎಲ್ಲರೂ ಮೈನಸ್. ನಾಲ್ಕನೇ ವಾರದ ಹೊತ್ತಿಗೆ ಹುಡುಗ ಬೀಟ್ ಆದ ಮೇಲೆ ತಲೆ ಎತ್ತಿ ಸುಮ್ನೆ ಮತ್ತೆ ಗಾರ್ಡ್ ತಗೊಳ್ಳುತ್ತಾನೆ. ಮೊದಲ ವಾರದಲ್ಲಿ ಬೀಟ್ ಆದಾಗಲೆಲ್ಲ ಗಾಳಿಯಲ್ಲಿ ಬ್ಯಾಟ್ ಬೀಸಿ ಅದೇ ಹೊಡೆತ ಮತ್ತೆ ಆಡಿ ತೋರಿಸುತ್ತಿದ್ದ ಹುಡುಗನೇ ಅವನು.

ಎಡವುವುದು ಇಲ್ಲಿ: ಒದ್ದೆ ಸಿಮೆಂಟಿನ ಮೇಲೆ ಓಡಬೇಡಿ, ಜಾರುತ್ತದೆ. ಬ್ಯಾಟ್ಸ್‌ಮನ್ ನಿಲ್ಲುವ ಜಾಗ ಒಣಗಿರಲಿ. ಒದ್ದೆ ಕಣದ ಮೇಲೆ ಲೆದರ್ ಬಾಲ್ ಎಸೆಯಲೇಬೇಡಿ. ಅದು ಸರ್ರನೆ ಜಾರಿ ಬಂದು ಕಾಲಿನ ಹೆಬ್ಬೆರಳಿಗೋ ದವಡೆಗೋ ಬಡಿಯುತ್ತದೆ.

ಹಂತ 6: ಕೈ ಸಡಿಲ, ಬ್ಯಾಟ್ ಪ್ಯಾಡಿನ ಪಕ್ಕ

ಕೆಳಗಿನ ಕೈ ಬ್ಯಾಟನ್ನು ಕತ್ತು ಹಿಸುಕಿದ ಹಾಗೆ ಹಿಡಿದಿದ್ದರೆ ಎಡ್ಜ್ ಆದ ಚೆಂಡು ಸೀದಾ ಸ್ಲಿಪ್ ಕೈಗೆ ಹಾರುತ್ತದೆ. ಹೆಬ್ಬೆರಳು, ತೋರುಬೆರಳಲ್ಲಿ ಮಾತ್ರ ಹಿಡಿದು ಸಡಿಲ ಬಿಟ್ಟರೆ ಅದೇ ಎಡ್ಜ್ ಸ್ಲಿಪ್ ಮುಂದೆ ನೆಲಕ್ಕೆ ಬೀಳುತ್ತದೆ. ಕಲಿಸುವುದು ಹೀಗೆ: ಒಂದು ಗೋಣಿಚೀಲ ಮಡಿಸಿ ಬ್ಯಾಟ್ಸ್‌ಮನ್ ಮುಂದೆ ಒಂದು ಮೀಟರ್ ದೂರದಲ್ಲಿ ಹಾಸಿ. ತಡೆದ ಚೆಂಡು ಚೀಲದ ಮೇಲೇ ಬಿದ್ದು ನಿಲ್ಲಬೇಕು. ದಾಟಿ ಉರುಳಿದರೆ ಕೈ ಗಟ್ಟಿಯಾಗಿದೆ ಎಂದರ್ಥ.

ಚೆಂಡನ್ನು ಮೂಗಿನ ಕೆಳಗೆ ಆಡಿ. ಮುಂದಕ್ಕೆ ಚಾಚಿ ಹುಡುಕಿಕೊಂಡು ಹೋಗಬೇಡಿ.

ಬ್ಯಾಟ್ ಮತ್ತು ಪ್ಯಾಡಿನ ನಡುವಿನ ಸಂದಿಗೆ ಗೇಟ್ ಅನ್ನುತ್ತಾರೆ. ಅಡಿಲೇಡಿನ ಅದೇ ಟೆಸ್ಟ್‌ನಲ್ಲಿ ಪೃಥ್ವಿ ಶಾ ಎರಡೂ ಇನ್ನಿಂಗ್ಸ್‌ನಲ್ಲಿ ಆ ಗೇಟಿನಿಂದಲೇ ಬೌಲ್ಡ್ ಆದರು. ಮ್ಯಾಟ್ ಮೇಲೆ ಆಡುವವರಿಗೆ ಈ ಗೇಟ್ ಸಾಮಾನ್ಯವಾಗಿ ದೊಡ್ಡದೇ. ಯಾಕೆಂದರೆ ಅಲ್ಲಿ ಚೆಂಡು ಎದ್ದು, ಪ್ರತಿ ಸಲ ಹೆಚ್ಚುಕಡಿಮೆ ಒಂದೇ ಥರ ಬರುತ್ತದೆ. ಕಾಲು ಅರ್ಧ ಇಟ್ಟು ಕೈ ಚಾಚಿ ಡ್ರೈವ್ ಹೊಡೆದರೂ ನಡೆಯುತ್ತದೆ, ಜನ ಚಪ್ಪಾಳೆಯನ್ನೂ ತಟ್ಟುತ್ತಾರೆ. ಆ ಡ್ರೈವ್‌ಗಾಗಿಯೇ ಹುಡುಗ ಆಯ್ಕೆಯಾಗುತ್ತಾನೆ, ಆ ಡ್ರೈವ್‌ಗೇ ಟರ್ಫ್ ಮೇಲೆ ಔಟ್ ಆಗುತ್ತಾನೆ. ಹಾಗೆಂದು ಡ್ರೈವ್ ಬಿಡಿ ಅನ್ನುತ್ತಿಲ್ಲ. ಮೊದಲ ಮೂವತ್ತು ಚೆಂಡಿನವರೆಗೆ ಪೂರ್ತಿ ಕಾಲಡಿಗೆ ಬಂದದ್ದನ್ನು ಮಾತ್ರ ಹೊಡೆಯಿರಿ.

ಹಂತ 7: ಕ್ರೀಸಿನಿಂದ ಹೊರಗೆ ನಿಲ್ಲುವುದು

ಇದು ಎಲ್ಲರಿಗೂ ಅಲ್ಲ. ಹದಿನಾರು ದಾಟಿದವರು ಮಾತ್ರ ಓದಿ. 2014ರಲ್ಲಿ ಇಂಗ್ಲೆಂಡಿನಲ್ಲಿ ಕೊಹ್ಲಿ ಹತ್ತು ಇನ್ನಿಂಗ್ಸ್‌ನಲ್ಲಿ ಹೊಡೆದದ್ದು 134 ರನ್. ಅಲ್ಲಿನ ವೇಗಿ ಆಂಡರ್ಸನ್‌ಗೇ ನಾಲ್ಕು ಸಲ ಔಟ್. 2018ರಲ್ಲಿ ಹೋದಾಗ 593 ರನ್, ಆಂಡರ್ಸನ್‌ಗೆ ಒಮ್ಮೆಯೂ ಔಟ್ ಇಲ್ಲ. ಮಾಡಿಕೊಂಡ ಬದಲಾವಣೆಗಳಲ್ಲಿ ಒಂದು, ಕ್ರೀಸಿನ ಹೊರಗೆ ನಿಂತದ್ದು. ಚೆಂಡು ಸರಿಯಲು ಸಿಗುವ ದೂರ ಕಡಿಮೆಯಾಗುತ್ತದೆ. ಆದರೆ ನೋಡಲು ಸಿಗುವ ಸಮಯವೂ ಕಡಿಮೆಯಾಗುತ್ತದೆ. ಕೀಪರ್ ಸ್ಟಂಪ್ ಹತ್ತಿರ ಬಂದು ನಿಂತರೆ ಸ್ಟಂಪಿಂಗ್ ಭಯ ಬೇರೆ. ಶಾರ್ಟ್ ಬಾಲ್, ಅಂದರೆ ದೂರದಲ್ಲೇ ಬಿದ್ದು ಮೇಲಕ್ಕೆ ಏಳುವ ಚೆಂಡು, ಆಡಲು ಬಾರದವರು ಇದನ್ನು ಮುಟ್ಟಬೇಡಿ.

ಹಂತ 8: ಒಂದು ವಿಕೆಟ್ ಬಿದ್ದ ಮೇಲಿನ ಹತ್ತು ನಿಮಿಷ

ಪತ್ರಿಕೆಗಳಲ್ಲಿ "ತರಗೆಲೆಗಳಂತೆ ಉದುರಿದ ವಿಕೆಟ್‌ಗಳು", "ಪೆವಿಲಿಯನ್ ಪರೇಡ್" ಎಂದೆಲ್ಲ ಬರೆಯುತ್ತಾರಲ್ಲ, ಅದು ನಡೆಯುವುದು ಈ ಹತ್ತು ನಿಮಿಷಗಳಲ್ಲಿ. 2024ರ ಜನವರಿ 3, ಕೇಪ್‌ಟೌನ್. ಬೆಳಗ್ಗೆ ಸಿರಾಜ್ 15ಕ್ಕೆ 6 ತೆಗೆದು ದಕ್ಷಿಣ ಆಫ್ರಿಕಾವನ್ನು 55ಕ್ಕೆ ಮುಗಿಸಿದರು. ಅದೇ ದಿನ ಭಾರತ 4 ವಿಕೆಟಿಗೆ 153ರಲ್ಲಿತ್ತು. ಮುಂದಿನ 11 ಚೆಂಡಿನಲ್ಲಿ ಆರು ವಿಕೆಟ್. ರನ್? ಒಂದೂ ಇಲ್ಲ. 153ಕ್ಕೆ ಆಲೌಟ್. ಔಟಾದ ಕೆ.ಎಲ್. ರಾಹುಲ್ ಹಿಂದಿನ ವಾರವಷ್ಟೇ ಸೆಂಚೂರಿಯನ್‌ನಲ್ಲಿ, ಅಂಥದ್ದೇ ಸೀಮ್ ಪಿಚ್ ಮೇಲೆ, 101 ಹೊಡೆದಿದ್ದರು.

ಹೊಸಬ ಒಳಗೆ ಹೋದಾಗ ಬೌಲರ್ ಮೈ ಬಿಸಿ, ಇವನ ಮೈ ತಣ್ಣಗೆ. ಸ್ಲಿಪ್‌ನಲ್ಲಿ ಇನ್ನೊಬ್ಬ ಬಂದು ಸೇರಿರುತ್ತಾನೆ. ಕಣ್ಣಿಗೆ ನೆರಳಿನಿಂದ ಬಿಸಿಲಿಗೆ ಬಂದ ಮಬ್ಬು. ಒಳಗೆ ಎರಡು ಯೋಚನೆ: ಸುಮ್ನೆ ತಡೆಯಲಾ, ಎರಡು ಬೌಂಡರಿ ಹೊಡೆದು ಬೌಲರ್ ಲಯ ಕೆಡಿಸಲಾ? ಎರಡೂ ಅರ್ಧರ್ಧ ಆಗಿ ಅವನು ಅರ್ಧ ಹೊಡೆತ ಆಡುತ್ತಾನೆ.

ನೆಟ್ಸ್‌ನಲ್ಲಿ ನಾವು ಇದಕ್ಕೆ ಅಭ್ಯಾಸವೇ ಮಾಡುವುದಿಲ್ಲ, ಅಲ್ವಾ? ಅಲ್ಲಿ ಇಪ್ಪತ್ತು ನಿಮಿಷ ಸತತ ಬ್ಯಾಟಿಂಗ್. ಐದು ಸಲ ಔಟ್ ಆದರೂ ಹೊರಗೆ ಬರುವ ಹಾಗಿಲ್ಲ. ಅದರ ಬದಲು ಹೀಗೆ ಮಾಡಿ. ನಾಲ್ಕು ಹುಡುಗರು ಪ್ಯಾಡ್ ಕಟ್ಟಿ ನೆರಳಲ್ಲಿ ಕೂರಲಿ. ನಿಮ್ಮಲ್ಲಿ ಚೆನ್ನಾಗಿ ಹಾಕುವ ಬೌಲರ್‌ಗೆ ಹೊಸ ಚೆಂಡು ಕೊಡಿ, ಮೂರು ಸ್ಲಿಪ್ ನಿಲ್ಲಿಸಿ. ನೀವು ಸ್ಕೋರ್ ಕೂಗಿ: "ಹನ್ನೆರಡಕ್ಕೆ ನಾಲ್ಕು!" ಒಬ್ಬ ಎದ್ದು ಹೋಗಲಿ. ಗಾರ್ಡ್ ತಗೊಂಡು, ಫೀಲ್ಡರ್‌ಗಳನ್ನು ಒಂದು ಸುತ್ತು ಎಣಿಸಿ, ಆಮೇಲೆ ಆಡಲಿ. ಬೌಲರ್ ಕಾದರೆ ಕಾಯಲಿ. ಅವನಿಗೆ ಹನ್ನೆರಡು ಚೆಂಡು ಅಷ್ಟೇ. ಔಟ್ ಆದರೆ ಅಲ್ಲಿಗೇ ಮುಗಿಯಿತು, ಇನ್ನೊಂದು ಅವಕಾಶವಿಲ್ಲ. ಮತ್ತೆ ನೆರಳಲ್ಲಿ ಕೂರಬೇಕು, ಪ್ಯಾಡ್ ಬಿಚ್ಚದೆ, ಮುಂದಿನ ಸರದಿ ಬರುವವರೆಗೆ.

ಎಡವುವುದು ಇಲ್ಲಿ: ಕಾಯುವ ಹುಡುಗರು ಮೊಬೈಲ್ ನೋಡುತ್ತಾ ಕೂರುವುದು. ಬೌಲರ್ ಕೈಯಿಂದ ಚೆಂಡು ಬಿಡುವುದನ್ನು ನೋಡುತ್ತಾ ಕೂರಬೇಕು, ಎಷ್ಟು ಸರಿಯುತ್ತಿದೆ ಎಂದು ಪಕ್ಕದವನಿಗೆ ಹೇಳುತ್ತಿರಬೇಕು. ಮೊಬೈಲುಗಳನ್ನು ನನ್ನ ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿ ಬೀಗ ಹಾಕುತ್ತೇನೆ. ಮೊನ್ನೆ ಒಬ್ಬರ ಅಮ್ಮ ಹತ್ತು ಸಲ ಫೋನ್ ಮಾಡಿ ಗಾಬರಿಯಾಗಿದ್ದರು, ಹಾಗಾಗಿ ಮನೆಯವರಿಗೆ ಮೊದಲೇ ಹೇಳಿಡಿ.